ಸೋರಿಯಾಸಿಸ್: ಮಂಡ್ಯ ಸೀಮೆಯಲ್ಲಿ ಚರ್ಮರಕ್ಷಣೆ ಮತ್ತು ಪಥ್ಯ

ಸೋರಿಯಾಸಿಸ್ ಎಂಬುದು ಶರೀರದ ರೋಗನಿರೋಧಕ ವ್ಯವಸ್ಥೆಯ ವಿಪರೀತ ವರ್ತನೆಯಿಂದ ಹುಟ್ಟಿ, ಚರ್ಮ, ಉಗುರು ಮತ್ತು ಕೀಲುಗಳನ್ನು ಆಶ್ರಯಿಸಿ, ಒಮ್ಮೆ ಉಲ್ಬಣಿಸಿ ಮತ್ತೊಮ್ಮೆ ಅಡಗಿ, ದೀರ್ಘಕಾಲ ಉಳಿಯುವ ಒಂದು ವ್ಯಾಧಿ. ಮೊಣಕೈ, ಮೊಣಕಾಲು, ನೆತ್ತಿ, ಸೊಂಟದ ಹಿಂಭಾಗ ಮೊದಲಾದ ಕಡೆಗಳಲ್ಲಿ ಅಂಚು ಸ್ಪಷ್ಟವಾಗಿರುವ ಕೆಂಪು ಮಚ್ಚೆಗಳು ಉಬ್ಬಿ, ಅವುಗಳ ಮೇಲೆ ಬೆಳ್ಳಿಯ ಬಣ್ಣದ ಹೊಟ್ಟು ಪದರಪದರವಾಗಿ ಏಳುವುದು ಇದರ ಸಾಮಾನ್ಯ ಲಕ್ಷಣ. ಗ್ರಂಥಗಳಲ್ಲಿ ವರ್ಣಿತವಾದ ಈ ಕೆಂಪು ನಮ್ಮ ಜನರ ಶ್ಯಾಮಲವರ್ಣದ ಮೈಯಲ್ಲಿ ಅನೇಕ ವೇಳೆ ಕಂದಾಗಿಯೋ ನೇರಿಳೆ ಛಾಯೆಯಾಗಿಯೋ ಕಾಣುತ್ತದೆ. ಆರೋಗ್ಯವಂತರಲ್ಲಿ ಹೊರಚರ್ಮದ ಜೀವಕೋಶವೊಂದು ತಳದಲ್ಲಿ ಹುಟ್ಟಿ, ಮೇಲೇರಿ, ಉದುರಿಹೋಗುವುದಕ್ಕೆ ಸುಮಾರು ಒಂದು ತಿಂಗಳು ಹಿಡಿಯುವುದಾದರೆ, ಈ ವ್ಯಾಧಿಯಲ್ಲಿ ಅದೇ ಕಾರ್ಯವು 3ರಿಂದ 5 ದಿನಗಳಲ್ಲಿ ನಡೆದುಹೋಗುವುದರಿಂದ, ಬಲಿಯದ ಕೋಶಗಳು ಒಂದರ ಮೇಲೊಂದು ಒಟ್ಟಿಕೊಂಡು ಹೊಟ್ಟಾಗುತ್ತವೆ. ಇದು ಅಂಟುರೋಗವಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಒಂದೇ ಚಾಪೆಯಲ್ಲಿ ಮಲಗಿದರೂ ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲವೆಂಬುದನ್ನು ಆರಂಭದಲ್ಲಿಯೇ ನಿಸ್ಸಂದಿಗ್ಧವಾಗಿ ಹೇಳಬೇಕಾಗಿದೆ. ಏಕೆಂದರೆ ರೋಗಿಯು ಮೈಯ ನವೆಗಿಂತ ಹೆಚ್ಚಾಗಿ ನೆರೆಹೊರೆಯವರ ಸಂಶಯದಿಂದ ಬಾಧೆಪಡುವ ಊರುಗಳು ಇಂದಿಗೂ ಇವೆ.

ವ್ಯಾಧಿಯ ಬೀಜ ವಂಶಾನುಗತವಾದದ್ದು. ಆದರೆ ಬೀಜವಿದ್ದ ಮಾತ್ರಕ್ಕೆ ವ್ಯಾಧಿ ತೋರಲೇಬೇಕೆಂದಿಲ್ಲ. ಅದನ್ನು ಮೊದಲ ಬಾರಿಗೆ ಎಬ್ಬಿಸುವ, ಅಥವಾ ಅಡಗಿದ್ದುದನ್ನು ಮರಳಿ ಕೆರಳಿಸುವ ಬಾಹ್ಯ ಮತ್ತು ಆಂತರಿಕ ನಿಮಿತ್ತಗಳಿಗೆ ವೈದ್ಯಶಾಸ್ತ್ರದಲ್ಲಿ ಉದ್ರೇಕಕಗಳೆಂದು ಹೆಸರು. ಮೈಯ ಗಾಯ, ಗಂಟಲಿನ ಸೋಂಕು, ಕೆಲವು ಔಷಧಿಗಳು, ಮದ್ಯ, ತಂಬಾಕು, ಸ್ಥೂಲಕಾಯ, ಮನಃಕ್ಲೇಶ, ಚಳಿಗಾಲದ ಶುಷ್ಕತೆ ಇವು ಅವುಗಳಲ್ಲಿ ಮುಖ್ಯವಾದವು. ಬೀಜವನ್ನು ಕಿತ್ತೆಸೆಯುವ ಉಪಾಯ ಇನ್ನೂ ದೊರೆತಿಲ್ಲವಾದ್ದರಿಂದ, ಚಿಕಿತ್ಸೆಯ ಜೊತೆಜೊತೆಗೇ ಉದ್ರೇಕಕಗಳನ್ನು ಗುರುತಿಸಿ ದೂರವಿಡುವುದು ರೋಗಿಯ ಕೈಯಲ್ಲಿರುವ ಅತ್ಯಂತ ಪ್ರಯೋಜನಕರವಾದ ಸಾಧನ. ಮಂಡ್ಯ, ಮದ್ದೂರು, ಮಳವಳ್ಳಿಗಳ ಕೃಷಿಪ್ರಧಾನ ಜೀವನದಲ್ಲಿ ಈ ನಿಮಿತ್ತಗಳು ಎಲ್ಲಿ ಅಡಗಿವೆ, ಮತ್ತು ಜನರು ಭಯಪಟ್ಟು ವರ್ಜಿಸುವ ಸಂಗತಿಗಳಲ್ಲಿ ಎಷ್ಟು ನಿಜವಾಗಿ ಅಪಾಯಕರವೆಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಈ ಸೀಮೆಯಲ್ಲಿ ಚರ್ಮದ ಬೇನೆಗಳಿಗೆ ಇಸುಬು, ಗಜಕರ್ಣ, ಹುಳುಕಡ್ಡಿ, ಕಜ್ಜಿ ಎಂಬ ಹೆಸರುಗಳು ಬಳಕೆಯಲ್ಲಿದ್ದು, ಸೋರಿಯಾಸಿಸ್ ಇವುಗಳಲ್ಲಿ ಯಾವುದಾದರೊಂದರ ಲೆಕ್ಕಕ್ಕೆ ಸೇರಿಹೋಗುತ್ತದೆ. ಪಾಶ್ಚಾತ್ಯ ದೇಶಗಳಲ್ಲಿಯೂ ಬಹುಕಾಲ ಇದನ್ನು ಕುಷ್ಠರೋಗದೊಡನೆ ಬೆರೆಸಿದ್ದರು; 1841ರಲ್ಲಿ ವಿಯೆನ್ನಾದ ಫರ್ಡಿನೆಂಡ್ ಫಾನ್ ಹೆಬ್ರಾ ಎಂಬ ವೈದ್ಯನು ಎರಡನ್ನೂ ಸ್ಪಷ್ಟವಾಗಿ ಬೇರ್ಪಡಿಸಿದ ಮೇಲೆಯೇ ಆ ಗೊಂದಲ ಶಾಸ್ತ್ರದಿಂದ ತೊಲಗಿತು. ನಮ್ಮ ಆಯುರ್ವೇದವು ಕುಷ್ಠವೆಂಬ ವಿಶಾಲ ವರ್ಗದಲ್ಲಿ ಹದಿನೆಂಟು ಚರ್ಮವ್ಯಾಧಿಗಳನ್ನು ಅಡಕಗೊಳಿಸಿದ್ದು, ಅವುಗಳಲ್ಲಿ ಏಕಕುಷ್ಠ ಮತ್ತು ಕಿಟಿಭಗಳನ್ನು ಇಂದಿನ ಆಯುರ್ವೇದ ವೈದ್ಯರು ಸೋರಿಯಾಸಿಸ್‌ಗೆ ಸಮೀಪವೆಂದು ಎಣಿಸುತ್ತಾರೆ. ಹುಳುಕಡ್ಡಿಯೆಂದು ಭಾವಿಸಿ ಸೋರಿಯಾಸಿಸ್‌ಗೆ ಔಷಧಿ ಹಚ್ಚುವ ತಪ್ಪು ಸಣ್ಣದಲ್ಲ. ಅದರ ಪರಿಣಾಮವನ್ನು ಮುಂದೆ ನೋಡಲಿದ್ದೇವೆ.

ಉದ್ರೇಕಕಗಳಲ್ಲಿ ಮೊದಲು ಹೇಳತಕ್ಕದ್ದು ಮೈಗೆ ಆಗುವ ಗಾಯ. ಬ್ರೆಸ್ಲೌ ನಗರದ ಹೈನ್ರಿಕ್ ಕೋಬ್ನರ್ ಎಂಬ ವೈದ್ಯನು 1872ರಲ್ಲಿ, ತನ್ನ ರೋಗಿಯೊಬ್ಬನಿಗೆ ಕುದುರೆ ಕಚ್ಚಿದ ಜಾಗದಲ್ಲಿ, ಚರ್ಮ ತರಚಿದ ಜಾಗದಲ್ಲಿ, ಹಚ್ಚೆ ಚುಚ್ಚಿಸಿಕೊಂಡ ಜಾಗದಲ್ಲಿ ಸೋರಿಯಾಸಿಸ್ ಅದೇ ಆಕಾರವನ್ನು ತಾಳಿ ಮೂಡಿದ್ದನ್ನು ವಿದ್ವಾಂಸರ ಮುಂದಿಟ್ಟನು. ಅಂದಿನಿಂದ ಈ ವಿದ್ಯಮಾನಕ್ಕೆ ಅವನ ಹೆಸರೇ ಉಳಿದಿದೆ. ರೋಗಿಗಳಲ್ಲಿ ಎಲ್ಲರಿಗೂ ಅಲ್ಲ, ಹೆಚ್ಚುಕಡಮೆ ಕಾಲುಭಾಗದಷ್ಟು ಜನರಿಗೆ ಹೀಗಾಗುವುದುಂಟು. ಗಾಯವಾದ 10ರಿಂದ 20 ದಿನಗಳ ಅವಧಿಯಲ್ಲಿ ಹೊಸ ಮಚ್ಚೆ ಕಾಣಿಸಿಕೊಳ್ಳುವುದು ವಾಡಿಕೆ. ವ್ಯಾಧಿ ಕೆರಳಿರುವ ಕಾಲದಲ್ಲಿ ಈ ಪ್ರವೃತ್ತಿ ಅಧಿಕ.

ಈಗ ಮಂಡ್ಯದ ಕಬ್ಬಿನ ಗದ್ದೆಯನ್ನು ನೆನೆಯಬೇಕು. ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯ ಮೂಲಕ ಹರಿದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾದಾಗಿನಿಂದ ಕಬ್ಬು ಈ ನಾಡಿನ ಜೀವಾಳವಾಗಿದೆ. ಕಬ್ಬಿನ ಗರಿಯ ಅಂಚನ್ನು ಬೆಳಕಿಗೆ ಹಿಡಿದು ನೋಡಿದರೆ ಗರಗಸದಂತೆ ಸಾಲಾಗಿ ನಿಂತ ಸೂಕ್ಷ್ಮವಾದ ಹಲ್ಲುಗಳು ಕಾಣುತ್ತವೆ. ತರಗು ಬಿಡಿಸುವಾಗ, ಕಟಾವಿನ ಕಾಲದಲ್ಲಿ ಕಬ್ಬನ್ನು ಸವರಿ ಹೊರೆ ಕಟ್ಟುವಾಗ, ಮುಂಗೈಯಿಂದ ಮೊಣಕೈವರೆಗೆ ಇವು ಗೀರಿದ ಗೆರೆಗಳು ಹತ್ತಾರು ಬೀಳುತ್ತವೆ. ಸಾಮಾನ್ಯರಿಗೆ ಈ ಗೀರು ಎರಡು ದಿನದ ಉರಿ ಮಾತ್ರ. ಸೋರಿಯಾಸಿಸ್ ಇರುವ ಕೂಲಿಯಾಳಿಗಾದರೋ ಅದೇ ಗೀರಿನ ಗುಂಟ ಎರಡು ವಾರಗಳಲ್ಲಿ ಹೊಟ್ಟೆದ್ದ ಮಚ್ಚೆಯ ಸಾಲು ಮೂಡಬಹುದು. ತುಂಬುತೋಳಿನ ಹಳೆಯ ಹತ್ತಿಯ ಅಂಗಿಯನ್ನು ತೊಟ್ಟು, ಕಾಲಿಗೆ ದಪ್ಪ ಬಟ್ಟೆಯನ್ನು ಸುತ್ತಿಕೊಂಡು ಗದ್ದೆಗೆ ಇಳಿಯುವುದು ಈ ಸೀಮೆಯ ರೋಗಿಗೆ ಬೆಲೆಬಾಳುವ ಯಾವ ಲೇಪಕ್ಕೂ ಕಡಮೆಯಲ್ಲದ ರಕ್ಷಣೆಯೆಂದು ಹೇಳುವುದರಲ್ಲಿ ಅತಿಶಯೋಕ್ತಿಯಿಲ್ಲ. ಭತ್ತದ ನಾಟಿಯ ಹೆಂಗಸರು ದಿನವಿಡೀ ಕೆಸರಿನಲ್ಲಿ ನಿಂತು ಮನೆಗೆ ಬಂದ ಮೇಲೆ ಕಾಲನ್ನು ತೊಳೆದು, ಒರೆಸಿ, ಬೆರಳ ಸಂದುಗಳಿಗೂ ಅಂಗಾಲಿಗೂ ಎಣ್ಣೆ ಸವರಿಕೊಳ್ಳುವುದು ಒಡಕು ಬೀಳುವುದನ್ನು ತಡೆಯುತ್ತದೆ. ಅಂಗಾಲಿನ ಸೋರಿಯಾಸಿಸ್‌ನಲ್ಲಿ ಒಡಕೇ ದೊಡ್ಡ ಯಾತನೆ.

ಗದ್ದೆಯ ಗಾಯಕ್ಕಿಂತ ಸೂಕ್ಷ್ಮವಾದದ್ದು ಉಡುಪಿನ ಮತ್ತು ಆಭರಣದ ಉಜ್ಜಾಟ. ಲಂಗದ ಲಾಡಿಯನ್ನು ಬಿಗಿದು ಕಟ್ಟುವ ಸೊಂಟದ ಸುತ್ತ, ಉಡಿದಾರ ಒತ್ತುವ ಜಾಗದಲ್ಲಿ, ಕಾಲುಂಗುರದ ಅಡಿಯಲ್ಲಿ, ಪಟ್ಟಿ ಬಿಗಿಯಾದ ಚಪ್ಪಲಿಯ ಕೆಳಗೆ ಮಚ್ಚೆಗಳು ಪಟ್ಟಿಯಾಕಾರವಾಗಿ ಹಬ್ಬಿರುವುದು ಅಪರೂಪವಲ್ಲ. ಲಾಡಿಯನ್ನು ಅಗಲವಾದ ಬಟ್ಟೆಯ ಪಟ್ಟಿಗೆ ಬದಲಿಸಿ ಸಡಿಲವಾಗಿ ಕಟ್ಟುವುದು, ಉಡಿದಾರವನ್ನು ಕೆಲಕಾಲ ತೆಗೆದಿರಿಸುವುದು ಇವೇ ಪರಿಹಾರ. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಗೆ, ಮಲೆ ಮಹದೇಶ್ವರ ಬೆಟ್ಟಕ್ಕೆ ಹರಕೆ ಹೊತ್ತು ಮುಡಿ ಕೊಡುವ ಸಂಪ್ರದಾಯ ಇಲ್ಲಿನ ಮನೆಮನೆಯಲ್ಲಿದೆ. ನೆತ್ತಿಯಲ್ಲಿ ವ್ಯಾಧಿ ಕೆರಳಿರುವಾಗ ಒಣ ತಲೆಯ ಮೇಲೆ ಕತ್ತಿ ಆಡಿಸಿದರೆ ಹೊಟ್ಟಿನೊಂದಿಗೆ ಚರ್ಮವೂ ಕಿತ್ತು, ಸೂಜಿಮೊನೆಯಷ್ಟು ರಕ್ತಬಿಂದುಗಳು ಒಸರಿ, ಹೊಸ ಗಾಯಕ್ಕೆ ದಾರಿಯಾಗುತ್ತದೆ. ಹರಕೆಯನ್ನು ಬಿಡಬೇಕೆಂದು ಯಾರೂ ಹೇಳಲಾರರು. ವ್ಯಾಧಿ ಅಡಗಿರುವ ಕಾಲವನ್ನು ನೋಡಿಕೊಂಡು, ಹಿಂದಿನ ರಾತ್ರಿ ತಲೆಗೆ ಎಣ್ಣೆ ಇಟ್ಟು ಹೊಟ್ಟನ್ನು ಮೆತ್ತಗಾಗಿಸಿ, ಹೊಸ ಅಲಗಿನಿಂದ ಮೃದುವಾಗಿ ತೆಗೆಯುವಂತೆ ಕ್ಷೌರಿಕನನ್ನು ಕೇಳಿಕೊಂಡರೆ ದೇವರ ಸೇವೆಗೂ ಲೋಪವಿಲ್ಲ, ಮೈಗೂ ಕೇಡಿಲ್ಲ. ಹಚ್ಚೆಯನ್ನು ಮಾತ್ರ ಈ ರೋಗಿಗಳು ಹಾಕಿಸಿಕೊಳ್ಳದಿರುವುದೇ ಲೇಸು.

ಸ್ನಾನದ ವಿಷಯದಲ್ಲಿ ನಮ್ಮ ಹಳೆಯ ಅಭ್ಯಾಸಗಳಲ್ಲಿ ಕೆಲವು ಹಿತಕರ, ಕೆಲವು ಅಹಿತಕರ. ಹಂಡೆಯಲ್ಲಿ ಕಾಯಿಸಿದ ಸುಡುನೀರನ್ನು ಹುಯ್ದುಕೊಂಡು, ಕಲ್ಲಿನಿಂದಲೋ ತೆಂಗಿನ ನಾರಿನಿಂದಲೋ ತಿಕ್ಕಿದರೆ ನವೆ ಆ ಕ್ಷಣಕ್ಕೆ ಶಮನವಾದಂತೆ ತೋರುವುದಾದರೂ, ಚರ್ಮದ ಸಹಜವಾದ ಸ್ನಿಗ್ಧತೆ ಹಾರಿಹೋಗಿ, ಸಂಜೆಯ ವೇಳೆಗೆ ನವೆ ಇಮ್ಮಡಿಸುತ್ತದೆ. ಹೊಟ್ಟನ್ನು ಉಗುರಿನಿಂದ ಕೆರೆದು ತೆಗೆಯುವುದಂತೂ ಕೋಬ್ನರನ ವಿದ್ಯಮಾನವನ್ನು ಕೈಯಾರೆ ಆಹ್ವಾನಿಸಿದಂತೆ. ಉಗುರುಬೆಚ್ಚಗಿನ ನೀರು, ಹತ್ತು ನಿಮಿಷ ಮೀರದ ಸ್ನಾನ, ಕಡು ಸುವಾಸನೆಯ ಸೋಪಿಗೆ ಬದಲಾಗಿ ಮೃದುವಾದ ಸೋಪು, ತಿಕ್ಕದೆ ಒತ್ತಿ ಒರೆಸುವ ಮೆತ್ತನೆಯ ಪಂಚೆ, ಮೈ ಇನ್ನೂ ತುಸು ತೇವವಾಗಿರುವಾಗಲೇ ಹಚ್ಚುವ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್: ಚರ್ಮರಕ್ಷಣೆಯ ಸಾರ ಇಷ್ಟೇ. ನಾಲೆಯ ನೀರು ದೊರೆಯದ ಹಳ್ಳಿಗಳಲ್ಲಿ ಕೊಳವೆಬಾವಿಯ ಗಡುಸು ನೀರೇ ಗತಿ. ಅದರಲ್ಲಿ ಸೋಪು ಸರಿಯಾಗಿ ನೊರೆಗಟ್ಟದೆ ಜಿಡ್ಡುಜಿಡ್ಡಾಗಿ ಮೈಮೇಲೆ ಉಳಿದು ಚರ್ಮವನ್ನು ಒಣಗಿಸುವುದರಿಂದ, ಅಂಥ ಕಡೆ ಸೋಪಿನ ಬಳಕೆಯನ್ನು ಕಂಕುಳು, ತೊಡೆಸಂದುಗಳಿಗೆ ಮಿತಿಗೊಳಿಸಿ, ಸ್ನಾನದ ಬಳಿಕ ಎಣ್ಣೆಯನ್ನು ತಪ್ಪದೆ ಹಚ್ಚುವುದು ಉಚಿತ. ತೆಂಗು ಸಮೃದ್ಧವಾಗಿರುವ ಮದ್ದೂರಿನ ಸೀಮೆಯಲ್ಲಿ ಇದಕ್ಕಾಗಿ ದುಬಾರಿ ಲೇಪಗಳನ್ನು ಅರಸಬೇಕಾಗಿಲ್ಲ. ಎಣ್ಣೆಯು ವ್ಯಾಧಿಯನ್ನು ಗುಣಪಡಿಸುವುದಿಲ್ಲ, ಚರ್ಮವನ್ನು ಕಾಯುತ್ತದೆ ಎಂಬ ತಿಳುವಳಿಕೆ ಮಾತ್ರ ಜೊತೆಗಿರಬೇಕು.

ಚೆನ್ನಪಟ್ಟಣದ ಬೊಂಬೆಗಳನ್ನು ಕಡೆಯುವ ಹಾಲೆಮರವು ಮದ್ದೂರಿನ ಆಸುಪಾಸಿನವರಿಗೆ ಪರಿಚಿತವೇ. ಅದರ ಎಲೆಗಳನ್ನು ಕೊಬ್ಬರಿ ಎಣ್ಣೆಯಲ್ಲಿ ಹಾಕಿ ಬಿಸಿಲಿಗಿಟ್ಟಾಗ ಎಣ್ಣೆ ಗಾಢವಾದ ನೇರಿಳೆ ಬಣ್ಣಕ್ಕೆ ತಿರುಗುತ್ತದೆ. ತಮಿಳುನಾಡಿನ ಸಿದ್ಧವೈದ್ಯದಲ್ಲಿ ಇದು ಸೋರಿಯಾಸಿಸ್‌ಗೆ ಹಚ್ಚುವ ಪ್ರಸಿದ್ಧ ತೈಲ. ಇದನ್ನು ಹಚ್ಚಿ ಹೊಟ್ಟು ಮೆತ್ತಗಾಗುವುದನ್ನು ಕಂಡವರು ಹಲವರಿದ್ದಾರೆ, ವೈದ್ಯರ ಔಷಧಿಯನ್ನು ಬಿಡದೆ ಹಚ್ಚಿಕೊಂಡರೆ ಆಕ್ಷೇಪವಿಲ್ಲ. ಆದರೆ ಎಲ್ಲ ಮನೆಮದ್ದೂ ಹಾಲೆಯ ಸೊಪ್ಪಿನಷ್ಟು ಸೌಮ್ಯವಲ್ಲ. ಎಕ್ಕದ ಹಾಲು, ಕರಿಗೇರಿನ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಮೈಲುತುತ್ತ ಇವುಗಳನ್ನು ಹಠಮಾರಿ ಇಸುಬಿಗೆಂದು ಹಚ್ಚುವುದುಂಟು. ಇವೆಲ್ಲವೂ ಚರ್ಮವನ್ನು ಸುಟ್ಟು ಬೊಬ್ಬೆ ಎಬ್ಬಿಸಬಲ್ಲವು, ಮತ್ತು ಬೊಬ್ಬೆ ಮಾಯುವ ಹೊತ್ತಿಗೆ ಮೊದಲಿದ್ದ ಮಚ್ಚೆಗಿಂತ ದೊಡ್ಡ ಮಚ್ಚೆ ಅಲ್ಲಿ ನೆಲೆಸುತ್ತದೆ.

ಇದಕ್ಕಿಂತಲೂ ಗಂಭೀರವಾದ ಅಪಾಯ ಔಷಧಿ ಅಂಗಡಿಯಲ್ಲಿ ಕೇಳಿ ತರುವ ಟ್ಯೂಬಿನಲ್ಲಿದೆ. ಹುಳುಕಡ್ಡಿಯೆಂದು ಹೇಳಿ ತಂದ ಮಿಶ್ರ ಮುಲಾಮುಗಳಲ್ಲಿ ಕ್ಲೋಬೆಟಸಾಲ್‌ನಂಥ ಪ್ರಬಲ ಸ್ಟೆರಾಯ್ಡ್ ಸೇರಿರುವುದು ಸಾಮಾನ್ಯ. ಹಚ್ಚಿದ ನಾಲ್ಕೈದು ದಿನಗಳಲ್ಲಿ ಮಚ್ಚೆ ಮಾಯವಾದಂತೆ ತೋರುವುದರಿಂದ ರೋಗಿಯು ಹರ್ಷಗೊಂಡು ತಿಂಗಳುಗಟ್ಟಲೆ ಹಚ್ಚುತ್ತಾನೆ. ಚರ್ಮ ತೆಳುವಾಗಿ, ರಕ್ತನಾಳಗಳು ಎದ್ದು ತೋರಿ, ಒಂದು ದಿನ ಟ್ಯೂಬು ಮುಗಿದಾಗ ವ್ಯಾಧಿಯು ಮೊದಲಿಗಿಂತ ಪ್ರಬಲವಾಗಿ ಮರುಕಳಿಸುತ್ತದೆ. ಭಾರತ ಸರ್ಕಾರವು 2018ರಲ್ಲಿ ಇಂಥ ಹಲವು ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮಿಸಿದೆ. ಸ್ಟೆರಾಯ್ಡನ್ನು ಗುಳಿಗೆಯ ರೂಪದಲ್ಲಿ ಸೇವಿಸಿ ಹಠಾತ್ತನೆ ನಿಲ್ಲಿಸುವುದು ಇನ್ನೂ ಘೋರ: ಮೈಯೆಲ್ಲ ಕೆಂಪಾಗಿ, ಕೀವುಗುಳ್ಳೆಗಳೆದ್ದು, ಜ್ವರ ಬಂದು ಪ್ರಾಣಕ್ಕೇ ಸಂಚಕಾರ ಒದಗಬಹುದು. ಹೆಸರಿಲ್ಲದ ಪೊಟ್ಟಣಗಳಲ್ಲಿ ಬರುವ, ಮೂರೇ ದಿನಗಳಲ್ಲಿ ಅದ್ಭುತವಾದ ಗುಣ ತೋರುವ ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆತಿರುವ ಸಂಭವವಿರುವುದರಿಂದ, ಅಂಥವನ್ನು ಸೇವಿಸುತ್ತಿದ್ದವರು ಆ ಸಂಗತಿಯನ್ನು ವೈದ್ಯರಲ್ಲಿ ಮುಚ್ಚಿಡಬಾರದು. ವೈದ್ಯರು ಗದರಿಸಿಯಾರೆಂಬ ಅಂಜಿಕೆಯಿಂದ ಇದನ್ನು ಹೇಳದೆ ಉಳಿಯುವ ಬಡವರ ಬಗೆಗೆ ಕನಿಕರವಾಗುತ್ತದೆ. ಗದರಿಸದೆ ಕೇಳುವುದು ವೈದ್ಯರ ಕರ್ತವ್ಯವೂ ಹೌದು.

ಗಂಟಲಿನ ಸ್ಟ್ರೆಪ್ಟೊಕಾಕಸ್ ಸೋಂಕು ಮಕ್ಕಳಲ್ಲಿ ಮತ್ತು ತರುಣರಲ್ಲಿ ಮುಖ್ಯವಾದ ಉದ್ರೇಕಕ. ಗಂಟಲುನೋವು ಬಂದ ಎರಡು ಮೂರು ವಾರಗಳಿಗೆ ಮಳೆಹನಿ ಸಿಡಿದಷ್ಟು ಗಾತ್ರದ ಚಿಕ್ಕ ಮಚ್ಚೆಗಳು ಎದೆ ಬೆನ್ನುಗಳ ತುಂಬ ಏಳುತ್ತವೆ. 2006ರಲ್ಲಿ ಕರ್ನಾಟಕದಲ್ಲಿ ಚಿಕೂನ್‌ಗುನ್ಯ ಹಬ್ಬಿದಾಗಲೂ ಸೋರಿಯಾಸಿಸ್ ಕೆರಳಿದ ಪ್ರಸಂಗಗಳು ವೈದ್ಯರ ದಾಖಲೆಗೆ ಬಂದಿವೆ. ಔಷಧಿಗಳ ಪೈಕಿ ಮನೋರೋಗಕ್ಕೆ ಕೊಡುವ ಲಿಥಿಯಂ, ಮಲೇರಿಯಾಕ್ಕೆ ಕೊಡುವ ಕ್ಲೋರೋಕ್ವಿನ್, ರಕ್ತದೊತ್ತಡಕ್ಕೂ ಹೃದಯಕ್ಕೂ ಕೊಡುವ ಬೀಟಾ ಬ್ಲಾಕರ್ ವರ್ಗದ ಗುಳಿಗೆಗಳು ವ್ಯಾಧಿಯನ್ನು ಉಲ್ಬಣಗೊಳಿಸಬಲ್ಲವು; ಆದರೆ ಇವುಗಳನ್ನು ತಾನಾಗಿ ನಿಲ್ಲಿಸುವುದು ಚರ್ಮದ ವ್ಯಾಧಿಗಿಂತ ದೊಡ್ಡ ವಿಪತ್ತಿಗೆ ಕಾರಣವಾದೀತಾದ್ದರಿಂದ, ವೈದ್ಯರಿಗೆ ತಿಳಿಸಿ ಬದಲಾಯಿಸಿಕೊಳ್ಳಬೇಕು. ಋತುಗಳಲ್ಲಿ ಮಾಗಿಯ ಚಳಿ ಬಹುಮಂದಿಗೆ ಕಷ್ಟಕಾಲ. ಸಂಕ್ರಾಂತಿಯ ಸುಮಾರಿಗೆ ಎಣ್ಣೆಯನ್ನು ದಿನಕ್ಕೆರಡು ಬಾರಿ ಹಚ್ಚಬೇಕಾಗುತ್ತದೆ. ಎಳೆಬಿಸಿಲು ಬಹುಪಾಲು ರೋಗಿಗಳಿಗೆ ಹಿತಕರವಾದರೂ ಮಧ್ಯಾಹ್ನದ ಬಿಸಿಲಿನಲ್ಲಿ ಚರ್ಮ ಸುಟ್ಟರೆ ಅದೂ ಒಂದು ಗಾಯವೇ.

ಆಹಾರದ ವಿಷಯಕ್ಕೆ ಬಂದರೆ ನಮ್ಮ ಜನರ ಮನಸ್ಸಿನಲ್ಲಿ ನಂಜು ಎಂಬ ಭಾವನೆ ಬಲವಾಗಿ ಬೇರೂರಿದೆ. ಮೈಮೇಲೆ ಏನಾದರೂ ಎದ್ದೊಡನೆ ಬದನೆಕಾಯಿ, ಮೀನು, ಒಣಮೀನು, ಮೊಟ್ಟೆ, ಕೋಳಿ, ಕಡಲೆಕಾಯಿ ಇವೆಲ್ಲ ನಂಜೆಂದು ಮನೆಯ ಹಿರಿಯರು ನಿಲ್ಲಿಸುತ್ತಾರೆ. ಹಾಲು ಮೀನುಗಳನ್ನು ಒಟ್ಟಿಗೆ ತಿಂದದ್ದೇ ರೋಗಕ್ಕೆ ಕಾರಣವೆಂಬ ನಂಬಿಕೆಗೆ ಆಯುರ್ವೇದದ ವಿರುದ್ಧಾಹಾರ ಸಿದ್ಧಾಂತದ ಹಿನ್ನೆಲೆಯೂ ಇದೆ. ಪೂರ್ವಿಕರ ಪಥ್ಯದಲ್ಲಿ ಮಿತಾಹಾರದ ಒಂದು ವಿವೇಕ ಅಡಗಿರುವುದನ್ನು ಅಲ್ಲಗಳೆಯಲಾಗದು. ಆದರೆ ಬದನೆಕಾಯಿಯಾಗಲಿ ಮೀನಾಗಲಿ ಸೋರಿಯಾಸಿಸ್ಸನ್ನು ಸಾಮಾನ್ಯವಾಗಿ ಎಲ್ಲರಲ್ಲಿಯೂ ಕೆರಳಿಸುತ್ತದೆಂಬುದಕ್ಕೆ ಪ್ರಮಾಣವಿಲ್ಲ. ವರ್ಷಗಟ್ಟಲೆ ಮೊಟ್ಟೆ, ಮೀನು, ಕಾಳುಗಳನ್ನು ಬಿಟ್ಟು ಬರಿಯ ತಿಳಿಸಾರು ಅನ್ನದಲ್ಲಿ ದಿನ ಕಳೆಯುವ ರೋಗಿಯು, ಅದರಲ್ಲಿಯೂ ಬಾಣಂತಿಯರೂ ಬೆಳೆಯುವ ಮಕ್ಕಳೂ, ಹೊಟ್ಟಿನ ರೂಪದಲ್ಲಿ ಚರ್ಮ ನಷ್ಟವಾಗುತ್ತಿರುವಾಗ ಆಹಾರದ ಸತ್ವವನ್ನೂ ಕಳೆದುಕೊಂಡು ಕೃಶರಾಗುತ್ತಾರೆ. ಇಂಥ ಪಥ್ಯವು ರೋಗಕ್ಕಿಂತ ಹೆಚ್ಚು ಹಾನಿಯನ್ನು ಮಾಡುತ್ತದೆಂದು ಈ ಲೇಖಕನ ದೃಢವಾದ ಅಭಿಪ್ರಾಯ.

ಪ್ರಮಾಣವಿರುವುದು ದೇಹದ ತೂಕದ ವಿಷಯದಲ್ಲಿ. ಕೊಬ್ಬಿನ ಅಂಗಾಂಶವು ಉರಿಯೂತವನ್ನು ಪೋಷಿಸುವ ದ್ರವ್ಯಗಳನ್ನು ಸ್ರವಿಸುವುದರಿಂದ, ಸ್ಥೂಲರಾದ ರೋಗಿಗಳು ತೂಕ ಇಳಿಸಿಕೊಂಡಾಗ ವ್ಯಾಧಿಯೂ ಇಳಿಯುವುದು, ಔಷಧಿಯ ಗುಣವೂ ಹೆಚ್ಚುವುದು ಅಧ್ಯಯನಗಳಿಂದ ತಿಳಿದುಬಂದಿದೆ. ಅಮೆರಿಕದ ರಾಷ್ಟ್ರೀಯ ಸೋರಿಯಾಸಿಸ್ ಪ್ರತಿಷ್ಠಾನದ ವೈದ್ಯಕೀಯ ಮಂಡಳಿಯು 2018ರಲ್ಲಿ ಪ್ರಕಟಿಸಿದ ಆಹಾರ ಸಲಹೆಯಲ್ಲಿ ಅತ್ಯಂತ ದೃಢವಾಗಿ ಹೇಳಿದ್ದು ಇದನ್ನೇ. ಗೋಧಿಯ ಗ್ಲೂಟನ್ ಅಂಶವನ್ನು ಬಿಡುವ ವಿಚಾರದಲ್ಲಿ, ಆ ಅಂಶ ಮೈಗೊಗ್ಗದ ಸೀಲಿಯಾಕ್ ರೋಗದ ಗುರುತು ರಕ್ತಪರೀಕ್ಷೆಯಲ್ಲಿ ಕಂಡವರಿಗೆ ಮಾತ್ರ ಅದು ವಿಹಿತವೆಂದು ಅದೇ ಮಂಡಳಿ ಹೇಳಿದೆ. ಈ ಭೇದವನ್ನು ಮದ್ದೂರು ವಡೆಯ ಉದಾಹರಣೆಯಿಂದ ವಿಶದಪಡಿಸಬಹುದು. ರೈಲು ನಿಲ್ದಾಣದಲ್ಲಿ ಹುಟ್ಟಿ ನಾಡೆಲ್ಲ ಪ್ರಸಿದ್ಧವಾದ ಈ ತಿಂಡಿ ಅಕ್ಕಿಹಿಟ್ಟು, ಮೈದಾ, ಚಿರೋಟಿ ರವೆಗಳಿಗೆ ಈರುಳ್ಳಿ ಬೆರೆಸಿ ತಟ್ಟಿ ಕರಿದದ್ದು. ಸೀಲಿಯಾಕ್ ಉಳ್ಳವನಿಗೆ ಇದರಲ್ಲಿರುವ ಮೈದಾ ರವೆಗಳು ಒಂದು ಚೂರಾದರೂ ವರ್ಜ್ಯ. ಉಳಿದ ರೋಗಿಗೆ ಗೋಧಿಯಿಂದ ತೊಂದರೆಯಿಲ್ಲ, ಪ್ರತಿದಿನ ಸಂಜೆ ಎರಡು ಮೂರು ತಿನ್ನುವ ಅಭ್ಯಾಸದಿಂದ ಸೇರುವ ಕರಿದ ಎಣ್ಣೆಯೂ ತೂಕವೂ ತೊಂದರೆ. ಹಬ್ಬಕ್ಕೊಂದು ವಡೆ ತಿಂದವನನ್ನು ಗದರಿಸುವುದು ಅನ್ಯಾಯ. ಬೆಲ್ಲ ಸಕ್ಕರೆಗಳಿಗೂ, ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರು ಹೊತ್ತ ಕುರಿಯ ಕೊಬ್ಬಿದ ಮಾಂಸಕ್ಕೂ ಇದೇ ನ್ಯಾಯ: ಅವು ವಿಷವಲ್ಲ, ಮಿತಿ ತಪ್ಪಿದರೆ ತೂಕಕ್ಕೂ ಮಧುಮೇಹಕ್ಕೂ ಹೃದ್ರೋಗಕ್ಕೂ ಇಂಬು ಕೊಡುತ್ತವೆ, ಸೋರಿಯಾಸಿಸ್ ತೀವ್ರವಾಗಿರುವವರಿಗೆ ಈ ರೋಗಗಳ ಸಂಭವ ಮೊದಲೇ ಅಧಿಕ.

ಈ ದೃಷ್ಟಿಯಿಂದ ನೋಡಿದರೆ ಇಲ್ಲಿನ ರೈತರ ದಿನನಿತ್ಯದ ಊಟವೇ ಪಥ್ಯವಾಗಿದೆ. ರಾಗಿಯಲ್ಲಿ ಗ್ಲೂಟನ್ ಇಲ್ಲ, ನಾರಿನ ಅಂಶ ಹೇರಳ. ಮುದ್ದೆಯೊಂದಿಗೆ ಹುರುಳಿಯ ಸಾರು, ಬಸ್ಸಾರು, ದಂಟು, ಕೀರೆ, ಹೊನಗೊನೆ ಸೊಪ್ಪುಗಳ ಉಪ್ಸಾರು, ಕಾಲಕ್ಕೆ ತಕ್ಕ ಅವರೆಕಾಳು, ಒಂದು ಲೋಟ ಮಜ್ಜಿಗೆ ಇವುಗಳನ್ನು ಬಿಟ್ಟು ಪರದೇಶದ ಪಥ್ಯವನ್ನು ಹುಡುಕಬೇಕಾದ ಅಗತ್ಯ ತೋರುವುದಿಲ್ಲ. ಮುದ್ದೆಯ ಗಾತ್ರ ಮಾತ್ರ ಗೇಯುವ ಕಾಯಕ್ಕೆ ತಕ್ಕಂತಿರಬೇಕು.

ಮದ್ಯದ ವಿಷಯದಲ್ಲಿ ಸಂದೇಹವೇ ಇಲ್ಲ. ಅದು ವ್ಯಾಧಿಯನ್ನು ಕೆರಳಿಸುತ್ತದೆ, ಔಷಧಿಯ ಗುಣವನ್ನು ಕುಗ್ಗಿಸುತ್ತದೆ. ತೀವ್ರ ಸೋರಿಯಾಸಿಸ್‌ಗೆ ಬಹುಕಾಲದಿಂದ ಕೊಡುತ್ತಿರುವ ಮೆಥೊಟ್ರೆಕ್ಸೇಟ್ ಗುಳಿಗೆಯೊಡನೆ ಸೇರಿ ಯಕೃತ್ತನ್ನು ಹಾಳುಮಾಡುತ್ತದೆ. ಕರ್ನಾಟಕದಲ್ಲಿ 2007ರಿಂದ ಸಾರಾಯಿ ನಿಷಿದ್ಧವಾದರೂ ಕುಡಿತವು ಬೇರೆ ಬಾಟಲಿಗಳಿಗೆ ವರ್ಗವಾಯಿತಷ್ಟೆ. ಈ ಮೆಥೊಟ್ರೆಕ್ಸೇಟ್ ಗುಳಿಗೆಯನ್ನು ವಾರಕ್ಕೊಮ್ಮೆ ಮಾತ್ರ ನುಂಗಬೇಕು. ಪ್ರತಿದಿನದ ಗುಳಿಗೆಯೆಂದು ತಿಳಿದು ನುಂಗಿದವರು ಪ್ರಾಣ ಕಳೆದುಕೊಂಡದ್ದುಂಟಾದ್ದರಿಂದ, ನುಂಗಬೇಕಾದ ದಿನದ ಹೆಸರನ್ನು ಚೀಟಿಯ ಮೇಲೆ ಕನ್ನಡದಲ್ಲಿ ದಪ್ಪವಾಗಿ ಬರೆಸಿಕೊಳ್ಳಬೇಕು. ಬೀಡಿ ಸಿಗರೇಟುಗಳೂ ವ್ಯಾಧಿಯ ಸಂಭವವನ್ನು ಹೆಚ್ಚಿಸುತ್ತವೆ. ಅಂಗೈ ಅಂಗಾಲುಗಳಲ್ಲಿ ಕೀವುಗುಳ್ಳೆ ಏಳುವ ಪ್ರಭೇದದಲ್ಲಿ ಧೂಮಪಾನಿಗಳೇ ಅಧಿಕ.

ಮನಃಕ್ಲೇಶವನ್ನು ಬಿಡು ಎಂದು ಹೇಳುವುದು ಸುಲಭ, ಬಿಡುವುದು ಸುಲಭವಲ್ಲ. ಮದುವೆಯ ಮಾತುಕತೆಯಲ್ಲಿ ಹುಡುಗಿಯ ಮೊಣಕೈಯ ಮಚ್ಚೆಯನ್ನು ಮುಚ್ಚಿಡಬೇಕಾಗಿ ಬರುವಾಗ, ಕ್ಷೌರದಂಗಡಿಯಲ್ಲಿ ಕುರ್ಚಿ ಬಿಟ್ಟೇಳುವಂತೆ ಹೇಳುವಾಗ, ಕ್ಲೇಶವು ರೋಗಿಯ ಮನಸ್ಸಿನಲ್ಲಿ ಹುಟ್ಟಿದ್ದಲ್ಲ, ಸಮಾಜ ಅವನ ಮೇಲೆ ಹೊರಿಸಿದ್ದು. 2014ರಲ್ಲಿ ವಿಶ್ವ ಆರೋಗ್ಯ ಸಭೆಯು ಸೋರಿಯಾಸಿಸ್ ಕುರಿತು ನಿರ್ಣಯವನ್ನು ಅಂಗೀಕರಿಸಿದಾಗ ಈ ಕಳಂಕಭಾವನೆಯನ್ನು ವಿಶೇಷವಾಗಿ ಪ್ರಸ್ತಾಪಿಸಿತು. ಉದ್ರೇಕಕಗಳಲ್ಲಿ ಇದೊಂದನ್ನು ನಿವಾರಿಸುವ ಭಾರ ರೋಗಿಯದಲ್ಲ, ಉಳಿದವರದು.

ಒಬ್ಬರ ಉದ್ರೇಕಕ ಇನ್ನೊಬ್ಬರದಾಗಿರಬೇಕೆಂದಿಲ್ಲವಾದ್ದರಿಂದ, ಮನೆಯ ಪಂಚಾಂಗದ ಅಥವಾ ಕ್ಯಾಲೆಂಡರಿನ ಅಂಚಿನಲ್ಲಿ ಮಚ್ಚೆ ಹೆಚ್ಚಿದ ದಿನವನ್ನು ಗುರುತಿಟ್ಟು, ಅದಕ್ಕೆ ಹಿಂದಿನ ಎರಡು ಮೂರು ವಾರಗಳಲ್ಲಿ ಗಂಟಲುನೋವು, ಹೊಸ ಗುಳಿಗೆ, ಗಾಯ, ಕುಡಿತ, ನಿದ್ದೆಗೆಟ್ಟ ರಾತ್ರಿಗಳಲ್ಲಿ ಯಾವುದಿತ್ತೆಂದು ಬರೆದುಕೊಳ್ಳುತ್ತ ಹೋದರೆ ಕೆಲವು ತಿಂಗಳಲ್ಲಿ ಜಾಡು ಸಿಕ್ಕುತ್ತದೆ. ಯಾವುದೋ ಆಹಾರದ ಮೇಲೆ ಸಂಶಯವಿದ್ದರೆ ಅದೊಂದನ್ನೇ ಆರು ವಾರ ಬಿಟ್ಟು, ಮತ್ತೆ ತಿಂದು ನೋಡಬೇಕು. ಹತ್ತನ್ನು ಒಟ್ಟಿಗೆ ಬಿಟ್ಟರೆ ತಿಳಿಯುವುದು ಏನೂ ಇಲ್ಲ.

ಇಷ್ಟೆಲ್ಲ ಎಚ್ಚರಿಕೆಯಿಂದಲೂ ತಡೆಯಲಾಗದ ಒಂದು ತೊಡಕುಂಟು. ರೋಗಿಗಳಲ್ಲಿ ಕೆಲವರಿಗೆ ವ್ಯಾಧಿಯು ಕೀಲುಗಳನ್ನು ಹೊಗುತ್ತದೆ: ಬೆಳಗ್ಗೆ ಎದ್ದಾಗ ಅರ್ಧ ಗಂಟೆಗೂ ಮೀರಿ ಬೆರಳುಗಳು ಮಡಿಸಲಾರದಷ್ಟು ಬಿಗಿದಿರುವುದು, ಒಂದೇ ಬೆರಳು ಇಡಿಯಾಗಿ ಊದಿಕೊಳ್ಳುವುದು, ಹಿಮ್ಮಡಿ ನೋಯುವುದು, ಉಗುರಿನಲ್ಲಿ ಸೂಜಿಯಿಂದ ಚುಚ್ಚಿದಂಥ ಕುಳಿಗಳು ಕಾಣುವುದು ಇದರ ಸೂಚನೆಗಳು. ಗದ್ದೆಯ ದುಡಿಮೆಯ ನೋವೆಂದು ಇದನ್ನು ಕಡೆಗಣಿಸುವುದು ಈ ಸೀಮೆಯಲ್ಲಿ ಸಹಜ. ಹಾಗೆ ಕಳೆದ ತಿಂಗಳುಗಳಲ್ಲಿ ಸವೆದ ಕೀಲು ಮರಳಿ ಮೊದಲಿನಂತಾಗುವುದಿಲ್ಲವಾದ್ದರಿಂದ, ಇಂಥ ಸೂಚನೆ ಕಂಡವರು ಎಣ್ಣೆ ಪಥ್ಯಗಳನ್ನು ನೆಚ್ಚಿ ಕುಳಿತಿರದೆ, ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿಯೋ ನಾಗಮಂಗಲ ತಾಲ್ಲೂಕಿನ ಬಿ. ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿಯೋ ತಜ್ಞರಿಗೆ ಬೇಗನೆ ತೋರಿಸಬೇಕು.